ಸೆಕೆಂಡಿಗೆ 0.7 ಮೀಟರ್ ಸಾಗುವ ಗಾಡಿಗೆ ಗಂಟೆಗೆ 94 ಕಿ.ಮೀ. ವೇಗ: ಆರು ಮೀಟರ್ ಬೆಳಕಿನ ಸುರಂಗ ಕಟ್ಟುವ ಬಗೆ

ಮನರಂಜನೆಯ ಸವಾರಿಗಾಗಿ ಕಟ್ಟಬೇಕಿರುವುದು ಇಷ್ಟು: ಆರು ಮೀಟರ್ ಉದ್ದ, ಎರಡು ಮೀಟರ್ ಅಗಲದ ಕಪ್ಪು ಸುರಂಗ. ಎರಡೂ ಗೋಡೆಗೆ ಮೂರು ಮೂರು ಸಾಲು ಎಲ್‌ಇಡಿ. ಒಬ್ಬರನ್ನು ಕೂರಿಸಿಕೊಂಡು ಸರಾಸರಿ ಸೆಕೆಂಡಿಗೆ 0.7 ಮೀಟರ್, ಅಂದರೆ ಗಂಟೆಗೆ ಎರಡೂವರೆ ಕಿ.ಮೀ. ಸಾಗುವ ಗಾಡಿ. ಪಕ್ಕದಲ್ಲಿ ಸುಮ್ಮನೆ ನಡೆದು ಹೋಗುವವರೂ ಇದನ್ನು ಹಿಂದೆ ಹಾಕುತ್ತಾರೆ. ಒಳಗೆ ಕೂತವರಿಗೆ ಮಾತ್ರ ಹೆದ್ದಾರಿಯಲ್ಲಿ ಹಾರಿದ ಹಾಗಾಗಬೇಕು. ಗಾಡಿ, ಹಳಿ, ಮೋಟಾರು ಈಗಾಗಲೇ ಸಿದ್ಧ ಇವೆ ಎಂದಿಟ್ಟುಕೊಂಡು ಸುರಂಗದ ಕೆಲಸವನ್ನೂ ಗಾಡಿಗೆ ಸೇರಿಸಬೇಕಾದ ನಾಲ್ಕು ಭಾಗಗಳನ್ನೂ ಇಲ್ಲಿ ದಾಖಲಿಸಿದೆ.

ತಂತ್ರ ಹಳೆಯದು. ಅಮೆರಿಕದ ಪ್ರೆಟ್ಜೆಲ್ ಕಂಪನಿ 1928ರ ಹೊತ್ತಿಗೇ ಒಂಟಿ ಹಳಿಯ ಗಾಡಿಯನ್ನು ಕತ್ತಲ ಕೋಣೆಯೊಳಗೆ ಅಂಕುಡೊಂಕಾಗಿ ತಿರುಗಿಸಿ ಜನರ ದಿಕ್ಕು ತಪ್ಪಿಸುತ್ತಿತ್ತು. ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ 1972ರಿಂದ 1987ರವರೆಗೆ ಓಡಿದ 'ಇಫ್ ಯು ಹ್ಯಾಡ್ ವಿಂಗ್ಸ್' ಎಂಬ ಸವಾರಿಯಲ್ಲಿ ಒಂದು 'ವೇಗದ ಕೋಣೆ' ಇತ್ತು. ಮೊಟ್ಟೆಯಾಕಾರದ ಆ ಕೋಣೆಯ ಗೋಡೆ ತುಂಬ 70 ಎಂಎಂ ಫಿಲ್ಮ್ ಹರಿಯುತ್ತಿತ್ತು, ಮುಖಕ್ಕೆ ಗಾಳಿ ಬೀಸುತ್ತಿತ್ತು, ಗಾಡಿ ಮಾತ್ರ ತನ್ನ ಆಮೆ ನಡಿಗೆ ಬಿಡುತ್ತಿರಲಿಲ್ಲ. ಅದೇ ಉದ್ಯಾನದಲ್ಲಿ 1975ರಲ್ಲಿ ತೆರೆದ ಸ್ಪೇಸ್ ಮೌಂಟನ್ ನಿಜವಾಗಿಯೂ ಓಡುವ ರೋಲರ್ ಕೋಸ್ಟರ್. ಅದರ ಗರಿಷ್ಠ ವೇಗ ಗಂಟೆಗೆ ಸುಮಾರು 43 ಕಿ.ಮೀ. ಅಷ್ಟೇ, ನಮ್ಮ ಸಿಟಿ ಬಸ್ಸಿನ ವೇಗ. ಕತ್ತಲಲ್ಲಿ ಹಳಿ ಕಾಣದ್ದರಿಂದ ಇಳಿದು ಬಂದವರು ಹೇಳುವ ಅಂಕಿ ಅದಕ್ಕಿಂತ ಬಹಳ ದೊಡ್ಡದು.

ಲೆಕ್ಕ ಮೊದಲು, ಗರಗಸ ಆಮೇಲೆ

ಕಣ್ಣು ಕಿಲೋಮೀಟರ್ ಅಳೆಯುವುದಿಲ್ಲ, ಕೋನ ಅಳೆಯುತ್ತದೆ. ಗೋಡೆಯ ಗುರುತು ಕಣ್ಣಿನ ನೇರ ಪಕ್ಕಕ್ಕೆ ಬಂದಾಗ ಅದು ಎಷ್ಟು ಬೇಗ ಸರಿಯುತ್ತದೆ ಎಂಬುದು ವೇಗವನ್ನು ದೂರದಿಂದ ಭಾಗಿಸಿದಷ್ಟು. ಇಲ್ಲಿ ಬೆಳಕಿನ ಪಟ್ಟೆಗಳು ಸೆಕೆಂಡಿಗೆ 8 ಮೀಟರ್ ಹಿಂದಕ್ಕೆ ಓಡುತ್ತವೆ, ಗಾಡಿ 0.7 ಮೀಟರ್ ಮುಂದಕ್ಕೆ ಹೋಗುತ್ತದೆ, ಒಟ್ಟು 8.7. ಕಣ್ಣಿನಿಂದ ಗೋಡೆಗೆ ಒಂದು ಮೀಟರ್. ಹಾಗಾಗಿ ಸೆಕೆಂಡಿಗೆ 8.7 ರೇಡಿಯನ್, ಸುಮಾರು 500 ಡಿಗ್ರಿ. ಮೂರು ಮೀಟರ್ ದೂರದ ಕಾಂಪೌಂಡ್ ಗೋಡೆ ಇದೇ ರಭಸದಲ್ಲಿ ಸರಿಯಬೇಕಾದರೆ ಕಾರು ಗಂಟೆಗೆ 94 ಕಿ.ಮೀ. ಓಡಬೇಕು. ತಲೆಬರಹದ ಅಂಕಿ ಬಂದದ್ದು ಹೀಗೆ.

ಗೋಡೆಯನ್ನು 0.6 ಮೀಟರಿಗೆ ತಂದರೆ ಇನ್ನೂ ಅಗ್ಗದಲ್ಲಿ ವೇಗ ಸಿಗುತ್ತದಲ್ಲ ಎನ್ನಿಸುತ್ತದೆ. ಸಿಗುತ್ತದೆ, ಆದರೆ ಕೂತವರ ಕೈಯೂ ಗೋಡೆಗೆ ಸಿಗುತ್ತದೆ. ಕತ್ತಲಲ್ಲಿ ಕೈ ಚಾಚುವುದು ಮಕ್ಕಳಷ್ಟೇ ಅಲ್ಲ, ದೊಡ್ಡವರೂ. ಹಾಗಾಗಿ ಒಂದು ಮೀಟರಿಗಿಂತ ಒಳಗೆ ತರುವುದು ಬೇಡ. ಒಂದು ಮೀಟರಿನಲ್ಲೂ ಉದ್ದ ಕೈಯವರು ವಾಲಿದರೆ ತಾಗಬಹುದು, ಆದ್ದರಿಂದ ಗೋಡೆಯಲ್ಲಿ ಸ್ಕ್ರೂ ತಲೆ, ಚೂಪು ಅಂಚು, ಬೆರಳು ಸಿಕ್ಕಿಕೊಳ್ಳುವ ಸಂದು ಯಾವುದೂ ಇರಕೂಡದು.

ಎರಡನೇ ಲೆಕ್ಕ ಒಳಕಿವಿಯದು. ಅದು ವೇಗವನ್ನು ಗುರುತಿಸುವುದಿಲ್ಲ, ವೇಗ ಬದಲಾಗುವುದನ್ನು ಮಾತ್ರ ಗುರುತಿಸುತ್ತದೆ. ಒಂದೇ ಸಮನೆ ಓಡುವ ರೈಲೂ ನಿಂತ ರೈಲೂ ಅದಕ್ಕೆ ಒಂದೇ. ಪಕ್ಕದ ಹಳಿಯ ರೈಲು ಹೊರಟಾಗ ನಮ್ಮದೇ ಹೊರಟಂತೆ ಅನ್ನಿಸುವುದು ಇದರಿಂದಲೇ. ಭೌತವಿಜ್ಞಾನಿ ಎರ್ನ್ಸ್ಟ್ ಮಾಕ್ 1875ರಲ್ಲೇ ಇದನ್ನು ವಿವರಿಸಿದ್ದ, ಈಗ ಇದಕ್ಕೆ 'ವೆಕ್ಷನ್' ಎನ್ನುತ್ತಾರೆ. ತೊಂದರೆ ಏನೆಂದರೆ ಬರೀ ದೃಶ್ಯದಿಂದ ವೆಕ್ಷನ್ ಹುಟ್ಟಲು ಕೆಲವು ಸೆಕೆಂಡು ಹಿಡಿಯುತ್ತದೆ. 'ಕಣ್ಣು ಓಡಿದೆ ಎನ್ನುತ್ತದೆ, ಕಿವಿ ಇಲ್ಲ ಎನ್ನುತ್ತದೆ' ಎಂಬ ಜಗಳ ಅಷ್ಟು ಹೊತ್ತು ನಡೆಯುತ್ತದೆ. ನಮ್ಮ ಸುರಂಗದಲ್ಲಿ ಗಾಡಿ ಇರುವುದೇ ಎಂಟೂವರೆ ಸೆಕೆಂಡು. ಜಗಳ ಮುಗಿಯುವ ಹೊತ್ತಿಗೆ ಸವಾರಿಯೇ ಮುಗಿದಿರುತ್ತದೆ. ಹಾಗಾಗಿ ಸುರಂಗದ ಬಾಯಲ್ಲಿ ಕಿವಿಗೆ ಒಂದೇ ಒಂದು ನಿಜವಾದ ದೂಡು ಕೊಡಬೇಕು. ಅರ್ಧ ಸೆಕೆಂಡು ಸಾಕು, ಉಳಿದದ್ದನ್ನು ಕಣ್ಣು ನಡೆಸಿಕೊಂಡು ಹೋಗುತ್ತದೆ. ಬರೀ ಎಲ್‌ಇಡಿ ಸುತ್ತಿ 'ಸ್ಪೀಡ್ ಟನಲ್' ಎಂದು ಬೋರ್ಡು ಹಾಕಿದ ಕಡೆ ಏನೂ ಅನ್ನಿಸದಿರಲು ಮುಖ್ಯ ಕಾರಣ ಈ ದೂಡು ಇಲ್ಲದಿರುವುದು.

ಚೌಕಟ್ಟು ಮತ್ತು ಕಪ್ಪು

25 ಮಿ.ಮೀ. ಚೌಕ ಪೈಪಿನ ಏಳು ಚೌಕಟ್ಟು, ಮೀಟರಿಗೊಂದು. ಒಳಗಿನ ಅಗಲ 2 ಮೀಟರ್, ಎತ್ತರ 2.3 ಮೀಟರ್. ಒಳಮೈಗೆ 6 ಮಿ.ಮೀ. ಪ್ಲೈವುಡ್. ಸ್ಕ್ರೂಗಳೆಲ್ಲ ಹೊರಗಿನಿಂದ.

ಬಣ್ಣಕ್ಕೆ ಅಂಗಡಿಯಲ್ಲಿ ಸಿಗುವ ಬ್ಲ್ಯಾಕ್‌ಬೋರ್ಡ್ ಪೇಂಟ್ ಎರಡು ಕೋಟ್. ಸಾಮಾನ್ಯ ಕಪ್ಪು ಎನಾಮಲ್ ಹೊಡೆದರೆ ಗೋಡೆ ಕನ್ನಡಿಯಾಗಿ ಎದುರು ಗೋಡೆಯ ಪಟ್ಟೆಯನ್ನು ತೋರಿಸುತ್ತದೆ, ಆ ಮಸುಕು ಬಿಂಬದಲ್ಲಿ ಪ್ಲೈವುಡ್‌ನ ಜೋಡಣೆಗಳೂ ಕಾಣುತ್ತವೆ. ಜೋಡಣೆ ಕಂಡರೆ ಮುಗಿಯಿತು, ಅದು ನಿಜವಾದ ವೇಗವನ್ನು ಹೇಳಿಬಿಡುತ್ತದೆ. ಬೆಳಕಿಗೂ ಹಿನ್ನೆಲೆಗೂ ವ್ಯತ್ಯಾಸ ಕಡಿಮೆಯಾದಷ್ಟೂ ಚಲನೆ ನಿಧಾನವಾಗಿ ಕಾಣುತ್ತದೆ ಎಂಬುದು ಬೇರೆ. ಮಂಜಿನಲ್ಲಿ ಕಾರಿನ ವೇಗದ ಅಂದಾಜು ತಪ್ಪುವುದಕ್ಕೆ ಕೊಡುವ ಕಾರಣಗಳಲ್ಲಿ ಇದೂ ಒಂದು. ಮೇಲ್ಛಾವಣಿಗೆ ಪ್ಲೈವುಡ್ ಬೇಡ, ಬೆಂಕಿ ನಿರೋಧಕ ಕಪ್ಪು ವೆಲ್ವೆಟ್ ಬಟ್ಟೆ ಬಿಗಿಯಿರಿ.

ಬೆಂಕಿ ನಿರೋಧಕ ಎಂದದ್ದು ಬಾಯಿಮಾತಿಗಲ್ಲ. 1979ರಲ್ಲಿ ಸಿಡ್ನಿಯ ಲೂನಾ ಪಾರ್ಕ್‌ನ ಘೋಸ್ಟ್ ಟ್ರೇನ್‌ಗೆ ಬೆಂಕಿ ಬಿದ್ದು ಏಳು ಜನ, 1984ರಲ್ಲಿ ನ್ಯೂಜೆರ್ಸಿಯ ಒಂದು ಭೂತಕೋಟೆಯಲ್ಲಿ ಎಂಟು ಮಂದಿ ಹದಿಹರೆಯದವರು ಸತ್ತರು. ಕತ್ತಲು, ಕಿರಿದಾದ ದಾರಿ, ಹೊತ್ತಿಕೊಳ್ಳುವ ಸಾಮಾನು ಈ ಮೂರೂ ಒಂದೇ ಕಡೆ ಸೇರುವ ಕಟ್ಟಡ ಇದು. ಶಬ್ದ ತಡೆಯಲು ಫೋಮ್ ಹಾಳೆ ಅಂಟಿಸಬೇಡಿ. ಮೂರನೇ ಮೀಟರಿನಲ್ಲಿ ಹೊರಕ್ಕೆ ತೆರೆದುಕೊಳ್ಳುವ ಒಂದು ಬಾಗಿಲು, ಬೇರೆ ಸರ್ಕ್ಯೂಟಿನಲ್ಲಿ ಬ್ಯಾಟರಿ ಇರುವ ಎಮರ್ಜೆನ್ಸಿ ಟ್ಯೂಬ್‌ಲೈಟು ಎರಡು ಕಡ್ಡಾಯ. ತುರ್ತು ಬಟನ್ ಒತ್ತಿದಾಗ ಗೋಡೆಯ ಎಲ್‌ಇಡಿ ಸ್ಟ್ರಿಪ್‌ಗಳೇ ಬಿಳಿಯಾಗಿ ಹೊತ್ತಿದರೆ ಸಾಕು ಎಂಬ ಉಪಾಯ ಕೆಲಸಕ್ಕೆ ಬಾರದು. ಕಾರಣ ಕೆಳಗಿನ ಕರೆಂಟ್ ಲೆಕ್ಕದಲ್ಲಿದೆ.

ಬಣ್ಣ ಒಣಗಿದ ಮೇಲೆ ಪರೀಕ್ಷೆ: ಬಾಯಿ ಮತ್ತು ಕೊನೆಯ ಪರದೆ ಮುಚ್ಚಿ, ಒಳಗೆ ಹತ್ತು ನಿಮಿಷ ಕೂತಿರಿ. ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಕಾಣುವ ಪ್ರತಿಯೊಂದು ಬೆಳಕಿನ ಗೀರನ್ನೂ ಸೀಮೆಸುಣ್ಣದಲ್ಲಿ ಗುರುತಿಸಿ ಮುಚ್ಚಿ. ಅಲುಗಾಡದ ಒಂದು ಹಿನ್ನೆಲೆ ವಸ್ತು ಕಂಡರೂ ಭ್ರಮೆ ಕುಸಿಯುತ್ತದೆ. ಆದರೆ ಗಾಡಿಯ ಮೂತಿ, ಅಂದರೆ ಕೂತವರ ಮೊಣಕಾಲಿನ ಮುಂದಿನ ಬಾನೆಟ್, ಕಾಣಬೇಕು. ಹತ್ತಿರದ ಸ್ಥಿರ ವಸ್ತು ಭ್ರಮೆಯನ್ನು ಕೆಡಿಸುವುದಿಲ್ಲ, 'ನಾನು ಇದರೊಳಗೆ ಕೂತು ಹೋಗುತ್ತಿದ್ದೇನೆ' ಎಂಬುದಕ್ಕೆ ಆಧಾರವಾಗುತ್ತದೆ. ಕೆಡಿಸುವುದು ಹಿಂದೆ, ದೂರದಲ್ಲಿ ಕಾಣುವ ಸ್ಥಿರ ವಸ್ತು.

ಸ್ಟ್ರಿಪ್ ಕೂರಿಸುವುದು

ಬೇಕಿರುವುದು ಡಬ್ಲ್ಯುಎಸ್2812ಬಿ ಸ್ಟ್ರಿಪ್ (ಪ್ರತಿ ಎಲ್‌ಇಡಿಯನ್ನೂ ಬೇರೆಬೇರೆಯಾಗಿ ನಿಯಂತ್ರಿಸಬಹುದಾದ ಪಟ್ಟಿ), 5 ವೋಲ್ಟ್, ಮೀಟರಿಗೆ 60 ಎಲ್‌ಇಡಿ. ಒಂದು ಸಾಲಿಗೆ 360, ಆರು ಸಾಲಿಗೆ 2,160. ರೋಲು ಬರುವುದು ಐದು ಮೀಟರ್, ಹಾಗಾಗಿ ಪ್ರತಿ ಸಾಲಿನಲ್ಲೂ ಒಂದು ಬೆಸುಗೆ ತಪ್ಪದು. ಬೆಸುಗೆ ಹಾಕಿದ ಕಡೆ ಎರಡು ಎಲ್‌ಇಡಿ ನಡುವಿನ ದೂರ 16.7 ಮಿ.ಮೀ. ಇರುವಂತೆ ನೋಡಿಕೊಳ್ಳಿ. ಮೂರು ಮಿ.ಮೀ. ಹೆಚ್ಚಾದರೂ ಪಟ್ಟೆ ಅಲ್ಲಿ ಎಡವಿದಂತೆ ಕಾಣುತ್ತದೆ, ಆ ಎಡವುವ ಜಾಗ ಅಲುಗಾಡದ ಗುರುತಾಗಿಬಿಡುತ್ತದೆ.

20 ಮಿ.ಮೀ. ಆಳದ ಅಲ್ಯೂಮಿನಿಯಂ ಚಾನೆಲ್, ಮೇಲೆ ಹಾಲುಬಣ್ಣದ ಮುಚ್ಚಳ. ಮಾರುಕಟ್ಟೆಯಲ್ಲಿ ಬೇಗ ಸಿಗುವ 7 ಅಥವಾ 8 ಮಿ.ಮೀ. ಆಳದ ಚಾನೆಲ್ ಸಾಲದು. ಆಳ ಎಲ್‌ಇಡಿಗಳ ನಡುವಿನ ದೂರಕ್ಕಿಂತ ಕಡಿಮೆಯಾದರೆ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಚುಕ್ಕಿ ನಿಂತೇ ಇರುತ್ತದೆ, ಬೆಳಕು ಅದರ ಮೇಲೆ ಹಾಯುತ್ತದೆ, ಕಣ್ಣಿಗೆ ಎರಡೂ ಗೊತ್ತಾಗುತ್ತದೆ.

ಕೂತವರ ಕಣ್ಣಿನ ಎತ್ತರ ನೆಲದಿಂದ 1,200 ಮಿ.ಮೀ. ಮೂರು ಸಾಲುಗಳ ಮಧ್ಯಬಿಂದು 500, 1,200 ಮತ್ತು 1,900 ಮಿ.ಮೀ. ಸಾಲುಗಳು ನೆಲಕ್ಕೆ ಸಮಾನಾಂತರವಾಗಿ ಇರಬಾರದು: ಬಾಯಿಯ ಕಡೆಗಿಂತ ಕೊನೆಯ ಕಡೆ 314 ಮಿ.ಮೀ. ಎತ್ತರ, ಅಂದರೆ ಮೂರು ಡಿಗ್ರಿ ಏರು. ಏಕೆಂದು ಸೀಟಿನ ವಿಷಯ ಬಂದಾಗ ಗೊತ್ತಾಗುತ್ತದೆ.

ಪವರ್: ಪೂರ್ತಿ ಬಿಳಿ ಹೊತ್ತಿದರೆ ಒಂದು ಎಲ್‌ಇಡಿಗೆ 60 ಮಿಲಿಆಂಪ್ ಲೆಕ್ಕ, ಒಟ್ಟು ಸುಮಾರು 130 ಆಂಪ್. ಅಷ್ಟು ಯಾರೂ ಕೊಡುವುದಿಲ್ಲ. ನಮ್ಮಲ್ಲಿ ಒಮ್ಮೆಗೆ ಹೊತ್ತುವುದು ಮೂರನೇ ಒಂದು ಭಾಗ, ಅದೂ 20 ಶೇಕಡಾ ಹೊಳಪಿನಲ್ಲಿ: 8.6 ಆಂಪ್. ಆರಿರುವಾಗಲೂ ಪ್ರತಿ ಚಿಪ್ ಒಂದು ಮಿಲಿಆಂಪ್ ಹತ್ತಿರ ಕುಡಿಯುತ್ತದೆ, ಅದು ಇನ್ನೆರಡು ಆಂಪ್. ಗೋಡೆಗೊಂದರಂತೆ 5 ವೋಲ್ಟ್ 20 ಆಂಪ್ ಸಪ್ಲೈ ಎರಡು. ಎರಡರ ಗ್ರೌಂಡ್ ಸೇರಿಸಿ, ಪ್ಲಸ್ ಸೇರಿಸಬೇಡಿ. 2.5 ಚದರ ಮಿ.ಮೀ. ವೈರಿನಲ್ಲಿ ಪ್ರತಿ ಸಾಲಿಗೂ ಬಾಯಿ, ಮಧ್ಯ, ಕೊನೆ ಮೂರು ಕಡೆ ಪವರ್ ಕೊಡಿ. ಪ್ರೋಗ್ರಾಮಿನಲ್ಲಿ ಕರೆಂಟ್ ಮಿತಿಯನ್ನು 15 ಆಂಪಿಗೆ ಕಟ್ಟಿಹಾಕಿ. ಇಲ್ಲದಿದ್ದರೆ ಪ್ರೋಗ್ರಾಮ್ ತಪ್ಪಿ ಎಲ್ಲವೂ ಬಿಳಿಯಾದ ಕ್ಷಣ ಸಪ್ಲೈ ಕೈಕೊಡುತ್ತದೆ. ತುರ್ತು ಬೆಳಕನ್ನು ಸ್ಟ್ರಿಪ್‌ಗೆ ಒಪ್ಪಿಸಬಾರದು ಎಂದದ್ದು ಇದಕ್ಕೇ.

ಹೊಳಪನ್ನು 20 ಶೇಕಡಾಕ್ಕಿಂತ ತೀರಾ ಕೆಳಗೆ ಇಳಿಸುವ ಆಸೆ ಬರುತ್ತದೆ, ಕತ್ತಲು ಚೆನ್ನಾಗಿರಲಿ ಎಂದು. ಬಹಳ ಮಂದವಾದರೆ ಕಣ್ಣಿನ ರಾಡ್ ಕೋಶಗಳಷ್ಟೇ ಕೆಲಸ ಮಾಡುತ್ತವೆ, ಅವಕ್ಕೆ ಅದೇ ಚಲನೆ ನಿಧಾನವಾಗಿ ಕಾಣುತ್ತದೆ. ದುಡ್ಡು ಕೊಟ್ಟು ಕಟ್ಟಿದ ವೇಗವನ್ನು ನಾವೇ ಇಳಿಸಿದಂತೆ.

ಆರು ಪಿನ್, ಒಂದು ಸಾಲು ಅಲ್ಲ

ಅತಿ ಹೆಚ್ಚು ಜನ ಎಡವುವ ಜಾಗ ಇದು. ಡಬ್ಲ್ಯುಎಸ್2812ಬಿಗೆ ಒಂದು ಎಲ್‌ಇಡಿಯ ಮಾಹಿತಿ ಕಳಿಸಲು 30 ಮೈಕ್ರೋಸೆಕೆಂಡ್ ಬೇಕು. ಸುಲಭವೆಂದು ಆರು ಸಾಲನ್ನೂ ಒಂದರ ಬಾಲಕ್ಕೆ ಇನ್ನೊಂದು ಜೋಡಿಸಿ ನಿಯಂತ್ರಣ ಬೋರ್ಡಿನ ಒಂದೇ ಪಿನ್‌ನಿಂದ ನಡೆಸಿದರೆ 2,160 ಎಲ್‌ಇಡಿಗೆ 65 ಮಿಲಿಸೆಕೆಂಡ್. ಅಂದರೆ ಸೆಕೆಂಡಿಗೆ 15.4 ಚಿತ್ರ (ಫ್ರೇಮ್). ಪಟ್ಟೆ 8 ಮೀಟರ್ ವೇಗದಲ್ಲಿ ಓಡುವಾಗ ಒಂದು ಚಿತ್ರದಿಂದ ಇನ್ನೊಂದಕ್ಕೆ 521 ಮಿ.ಮೀ. ಹಾರುತ್ತದೆ. ನಮ್ಮ ಪಟ್ಟೆಗಳು ಮೀಟರಿಗೊಂದು. ಅರ್ಧ ಮೀಟರಿಗಿಂತ ಹೆಚ್ಚು ಹಾರಿದ ಪಟ್ಟೆ, ಹಿಂದಿನ ಪಟ್ಟೆ 479 ಮಿ.ಮೀ. ಮುಂದೆ ಬಂದಂತೆ ಕಾಣುತ್ತದೆ, ಏಕೆಂದರೆ ಕಣ್ಣು ಹತ್ತಿರದ ಜೋಡಿಯನ್ನೇ ಹಿಡಿಯುತ್ತದೆ. ಸಿನಿಮಾದಲ್ಲಿ ಗಾಡಿಯ ಚಕ್ರ ಹಿಂದಕ್ಕೆ ತಿರುಗುವ ಕಥೆಯೇ ಇದು. ವೇಗ ಏರುತ್ತಾ 7.7 ಮೀಟರ್ ದಾಟಿದೊಡನೆ ಬೆಳಕೆಲ್ಲ ಗಿರಕಿ ಹೊಡೆದು ದಿಕ್ಕು ಬದಲಿಸುತ್ತದೆ, ಕೂತವರಿಗೆ ಹೊಟ್ಟೆ ತೊಳಸುತ್ತದೆ. ಅದಕ್ಕಿಂತ ಕಡಿಮೆ ವೇಗದಲ್ಲೂ ಅದು ಚಲನೆಯಂತಿರದೆ ಮಿಣುಕಿನಂತಿರುತ್ತದೆ.

ಆರು ಸಾಲಿಗೆ ಆರು ಪಿನ್ ಕೊಟ್ಟು ಏಕಕಾಲಕ್ಕೆ ಕಳಿಸಿದರೆ 360 ಎಲ್‌ಇಡಿಯ ಸಮಯವಷ್ಟೇ, 11 ಮಿಲಿಸೆಕೆಂಡ್. ಸೆಕೆಂಡಿಗೆ 90 ಚಿತ್ರ, ಒಂದು ಹಾರಿಕೆ 89 ಮಿ.ಮೀ. ಕಣ್ಣು ಇದನ್ನು ಹರಿವು ಎಂದೇ ಓದುತ್ತದೆ.

ಇದಕ್ಕೆ ಹಳೆಯ ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಬೋರ್ಡೇ ಒಳ್ಳೆಯದು, ನಿಖರ ಸಮಯದ ಸಿಗ್ನಲ್ ಕಳಿಸುವ ಅದರ ಆರ್‌ಎಂಟಿ ಘಟಕದಲ್ಲಿ ಎಂಟು ಚಾನೆಲ್ ಇವೆ. ಹೊಸದು ಮೇಲು ಎಂದು ಇಎಸ್‌ಪಿ32-ಎಸ್3 ತಂದರೆ ಅದರಲ್ಲಿ ಕಳಿಸುವ ಆರ್‌ಎಂಟಿ ಚಾನೆಲ್ ನಾಲ್ಕೇ. ಬೋರ್ಡಿನ 3.3 ವೋಲ್ಟ್ ಸಿಗ್ನಲ್ ಸ್ಟ್ರಿಪ್‌ಗೆ ಸಾಲದು, ಅದು ಕೇಳುವುದು ಕನಿಷ್ಠ 3.5. ನಡುವೆ ಸಿಗ್ನಲನ್ನು 5 ವೋಲ್ಟಿಗೆ ಏರಿಸುವ ಒಂದು 74ಎಚ್‌ಸಿಟಿ245 ಚಿಪ್ ಹಾಕಿ, 5 ವೋಲ್ಟಿನಿಂದ ನಡೆಸಿ. ಅದರ ದಿಕ್ಕಿನ ಪಿನ್ ಮತ್ತು ಎನೇಬಲ್ ಪಿನ್ ಎರಡನ್ನೂ ಗಟ್ಟಿಯಾಗಿ ಕಟ್ಟಿ. ಎನೇಬಲ್ ಪಿನ್ನನ್ನು ಎಲ್ಲಿಗೂ ಜೋಡಿಸದೆ ತೇಲಲು ಬಿಟ್ಟರೆ ಮೇಜಿನ ಮೇಲೆ ಸರಿಯಾಗಿ ಓಡಿ ಸುರಂಗದಲ್ಲಿ ಬೇಕಾಬಿಟ್ಟಿ ಮಿಣುಕುತ್ತದೆ. ಪ್ರತಿ ಡೇಟಾ ತಂತಿಗೆ 330 ಓಮ್ ರೆಸಿಸ್ಟರ್, ಪ್ರತಿ ಸಾಲಿನ ಪವರ್ ಬಾಯಿಗೆ 1,000 ಮೈಕ್ರೋಫ್ಯಾರಡ್ ಕೆಪಾಸಿಟರ್. ಬೋರ್ಡಿನ ವೈಫೈ ಬಂದ್ ಮಾಡಿ, ಅದರ ಅಡಚಣೆಗೆ ಒಂದೊಂದು ಚಿತ್ರ ಕೆಟ್ಟು ಬಣ್ಣದ ಚುಕ್ಕಿ ಹಾರುತ್ತದೆ.

ಪ್ರೋಗ್ರಾಮಿನಲ್ಲಿ ಒಂದು ತಪ್ಪು ಪದೇ ಪದೇ ಬರುತ್ತದೆ. ಪಟ್ಟೆಯ ಸ್ಥಾನವನ್ನು 'ವೇಗ ಗುಣಿಸು ಶುರುವಿನಿಂದ ಕಳೆದ ಸಮಯ' ಎಂದು ಬರೆಯುತ್ತಾರೆ. ವೇಗ ಒಂದೇ ಇದ್ದಾಗ ಸರಿ. ವೇಗ ಏರುವಾಗ ಹೊಸ ವೇಗ ಹಿಂದಿನ ಸೆಕೆಂಡುಗಳಿಗೂ ಅನ್ವಯವಾಗಿ ಪಟ್ಟೆ ಬೇಕಾದ್ದಕ್ಕಿಂತ ಬಹಳ ಮುಂದೆ ಓಡುತ್ತದೆ, ವೇಗ ಇಳಿಯುವಾಗ ಹಿಂದಕ್ಕೇ ಓಡುತ್ತದೆ. ಸ್ಥಾನವನ್ನು ಪ್ರತಿ ಚಿತ್ರಕ್ಕೂ ಕೂಡುತ್ತಾ ಹೋಗಬೇಕು: ಹಳೆಯ ಸ್ಥಾನಕ್ಕೆ ಈಗಿನ ವೇಗ ಗುಣಿಸು ಕಳೆದ ಚಿತ್ರದಿಂದಾದ ಸಮಯ. ಆ ಸಮಯವನ್ನೂ ಚಿತ್ರ ಎಣಿಸಿ ಊಹಿಸದೆ ಮೈಕ್ರೋಸೆಕೆಂಡ್ ಗಡಿಯಾರದಿಂದಲೇ ಓದಿ.

ಪಟ್ಟೆ 20 ಎಲ್‌ಇಡಿ, ಖಾಲಿ 40. ಪಟ್ಟೆಯ ಎರಡೂ ತುದಿಯ ನಾಲ್ಕು ನಾಲ್ಕು ಎಲ್‌ಇಡಿ ಹಂತಹಂತವಾಗಿ ಮಂದವಾಗಲಿ, ಗಾಮಾ 2.2 ತಿದ್ದುಪಡಿಯೊಂದಿಗೆ (ಹಂತಗಳು ಕಣ್ಣಿಗೆ ಸಮವಾಗಿ ಕಾಣುವಂತೆ ಹೊಳಪನ್ನು ತಿದ್ದುವ ಲೆಕ್ಕ). ಚೂಪು ಅಂಚಿನ ಪಟ್ಟೆ ನಿಧಾನ ವೇಗದಲ್ಲಿ ಮೆಟ್ಟಿಲು ಹತ್ತಿದಂತೆ ಚಲಿಸುತ್ತದೆ.

ಆರು ಸಾಲಿನ ಪಟ್ಟೆಗಳೂ ಒಟ್ಟಿಗೆ ಹಾಯಬಾರದು. ಪ್ರತಿ ಸಾಲನ್ನೂ ಹಿಂದಿನದಕ್ಕಿಂತ 10 ಎಲ್‌ಇಡಿ ಸರಿಸಿ. ಒಟ್ಟಿಗೆ ಹಾಯ್ದರೆ ಉಂಗುರಗಳ ಸಾಲಿನಂತೆ ಚಂದ ಕಾಣುವುದು ನಿಜ, ಆದರೆ ಇಡೀ ನೋಟ ಸೆಕೆಂಡಿಗೆ 8.7 ಬಾರಿ ಮಿಂಚುತ್ತದೆ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಮಿಂಚು ಬೆಳಕಿಗೆ ಸೆಳೆತ ಬರುವ ಅಪಸ್ಮಾರದವರಿಗೆ ಅಪಾಯ. ಸರಿಸಿದಾಗ ಒಟ್ಟು ಬೆಳಕು ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ, ಗೆರೆಗಳು ಹರಿದಂತೆ ಕಾಣುತ್ತದೆ. ಸ್ಟ್ರೋಬ್ ಲೈಟು ಸೇರಿಸುವ ಯೋಚನೆಯನ್ನೇ ಬಿಡಿ. ಇಷ್ಟಾದರೂ ಬಾಗಿಲಲ್ಲಿ ಎಚ್ಚರಿಕೆಯ ಫಲಕ ಇರಲಿ.

ಪಟ್ಟೆಗಳ ಅಂತರವನ್ನು ಕಿರಿದು ಮಾಡುತ್ತಾ ಹೋಗಿ ವೇಗ ಹೆಚ್ಚಿಸಬಹುದು. ಸ್ಕಾಟ್ಲೆಂಡಿನ ನ್ಯೂಬ್ರಿಜ್ ವೃತ್ತದ ದಾರಿಯಲ್ಲಿ ಡೆಂಟನ್ ಎಂಬ ಸಂಶೋಧಕ ಇದನ್ನೇ ಉಲ್ಟಾ ಉದ್ದೇಶಕ್ಕೆ ಬಳಸಿದ: ರಸ್ತೆಗೆ ಅಡ್ಡ ಬಳಿದ ಗೆರೆಗಳ ಅಂತರ ಕಿರಿದಾಗುತ್ತಾ ಹೋದಾಗ ಚಾಲಕರಿಗೆ ತಮ್ಮ ವೇಗ ಏರಿದಂತೆ ಅನ್ನಿಸಿ ಬ್ರೇಕ್ ಒತ್ತುತ್ತಿದ್ದರು. ಆರು ಮೀಟರಿನಲ್ಲಿ ಇದಕ್ಕೆ ಜಾಗ ಕಡಿಮೆ, ಅಂತರ ಕಿರಿದಾದಷ್ಟೂ ಮಿಣುಕಿನ ಸಂಖ್ಯೆಯೂ ಏರುತ್ತದೆ. ಇಲ್ಲಿ ಬಿಟ್ಟಿದ್ದೇವೆ.

ದೂಡು, ಸೀಟು, ಗಾಳಿ, ನಡುಕ

ಗಾಡಿಯ ವೇಗದ ಪಟ್ಟಿ ಹೀಗೆ. ಸುರಂಗಕ್ಕೆ ಬರುವ ಮೊದಲು ಗಾಡಿ ಸೆಕೆಂಡಿಗೆ 0.6 ಮೀಟರ್ ವೇಗದಲ್ಲಿದೆ. ಐದು ಸೆಕೆಂಡು ತೆಗೆದುಕೊಂಡು ಕತ್ತಲಲ್ಲಿ ಅದನ್ನು 0.4ಕ್ಕೆ ಇಳಿಸಿ. ಇಷ್ಟು ನಿಧಾನದ ಇಳಿತ ಯಾರಿಗೂ ಗೊತ್ತಾಗುವುದಿಲ್ಲ. ಬಾಯಿಯಲ್ಲಿ ಅರ್ಧ ಸೆಕೆಂಡಿನಲ್ಲಿ 0.4ರಿಂದ 0.8ಕ್ಕೆ ಏರಿಸಿ. ಬೆನ್ನು ಸೀಟಿಗೆ ಒತ್ತುವ ದೂಡು ಇದೇ. ಆಮೇಲೆ ಎಂಟು ಸೆಕೆಂಡಿನಲ್ಲಿ ಮೆಲ್ಲಗೆ 0.6ಕ್ಕೆ ಬಿಡಿ. ಗಾಡಿ ವೇಗ ಕಳೆದುಕೊಳ್ಳುತ್ತಿರುವಾಗಲೇ ಕೂತವರಿಗೆ ವೇಗ ಏರುತ್ತಿರುತ್ತದೆ.

ಮೋಟಾರಿಗೆ ಬರೀ ಪಿಡಬ್ಲ್ಯುಎಂ (ಕರೆಂಟನ್ನು ಬೇಗಬೇಗ ಹಾಕಿ ತೆಗೆದು ಪವರ್ ಹೆಚ್ಚುಕಡಿಮೆ ಮಾಡುವ ಬಗೆ) ಕೊಟ್ಟರೆ ಇದು ಕೈಗೆ ಸಿಗುವುದಿಲ್ಲ. ಹಗುರದ ಮಗು ಕೂತರೆ ಕತ್ತು ಹಿಂದಕ್ಕೆ ಎಸೆಯುವಷ್ಟು ಜೋರು, ನೂರು ಕೆ.ಜಿ. ಕೂತರೆ ದೂಡೇ ಇಲ್ಲ. ಚಕ್ರಕ್ಕೆ ಅದರ ತಿರುಗುವಿಕೆ ಅಳೆಯುವ ಎನ್‌ಕೋಡರ್ ಹಾಕಿ, ಅಳೆದ ವೇಗ ನೋಡಿ ಪವರ್ ತಿದ್ದುವ ಕಂಟ್ರೋಲರ್ ಬೇಕು. ವೇಗೋತ್ಕರ್ಷಕ್ಕೆ, ಅಂದರೆ ವೇಗ ಏರುವ ದರಕ್ಕೆ, ಸೆಕೆಂಡಿನ ವರ್ಗಕ್ಕೆ 0.8 ಮೀಟರ್ ಮಿತಿ ಕಟ್ಟಿ.

ದೂಡು ಮುಗಿದೊಡನೆ ಕಿವಿಗೆ ಸುದ್ದಿ ನಿಂತುಹೋಗುತ್ತದೆ. ಅದನ್ನು ಲಂಬಿಸುವುದು ಸೀಟಿನ ವಾಲು. ಹಿಂದಕ್ಕೆ ವಾಲುವುದಕ್ಕೂ ಮುಂದಕ್ಕೆ ವೇಗ ಏರುವುದಕ್ಕೂ ಒಳಕಿವಿಯ ಕಲ್ಲುಹರಳುಗಳಿಗೆ ವ್ಯತ್ಯಾಸ ತಿಳಿಯದು. ಮೂರು ಡಿಗ್ರಿ ವಾಲಿದರೆ 0.05 ಜಿ (ಗುರುತ್ವದ 5 ಶೇಕಡಾ) ಅಷ್ಟು ವೇಗೋತ್ಕರ್ಷ ಅನ್ನಿಸುತ್ತದೆ. ಸೀಟಿನ ಮುಂದಿನ ಅಂಚಿಗೆ ಹಿಂಜು, ಹಿಂದೆ 12 ವೋಲ್ಟಿನ ಲೀನಿಯರ್ ಆಕ್ಚುಯೇಟರ್ (ನೇರವಾಗಿ ಚಾಚಿ ಒಳಸರಿಯುವ ಮೋಟಾರು ದಂಡ): ಬಲ 1,500 ನ್ಯೂಟನ್, ಓಟ 50 ಮಿ.ಮೀ., ವೇಗ ಸೆಕೆಂಡಿಗೆ 10 ಮಿ.ಮೀ. ಹಿಂಜಿನಿಂದ ಆಕ್ಚುಯೇಟರಿಗೆ 450 ಮಿ.ಮೀ. ಇದ್ದರೆ ಮೂರು ಡಿಗ್ರಿಗೆ 24 ಮಿ.ಮೀ. ಇಳಿಸಬೇಕು, 2.4 ಸೆಕೆಂಡು. ಅಂದರೆ ಸೆಕೆಂಡಿಗೆ 1.3 ಡಿಗ್ರಿಗಿಂತ ಕಡಿಮೆ. ಸೆಕೆಂಡಿಗೆ ಮೂರು ಡಿಗ್ರಿಯ ಆಸುಪಾಸು ದಾಟಿದರೆ ವಾಲಿದ್ದು ವಾಲಿದ್ದೆಂದೇ ತಿಳಿಯುತ್ತದೆ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತ ಹಾಗೆ.

ಸೀಟು ವಾಲಿ ಬೆಳಕಿನ ಗೆರೆಗಳು ನೇರ ಇದ್ದರೆ ಕಣ್ಣು ಮೋಸವನ್ನು ಹಿಡಿಯುತ್ತದೆ. ಗೆರೆಗಳಿಗೂ ಮೂರು ಡಿಗ್ರಿ ಏರು ಕೊಟ್ಟದ್ದು ಇದಕ್ಕೆ, ವಾಲಿದ ದೇಹಕ್ಕೆ ಏರುಗೆರೆಯೇ ಸಮತಟ್ಟು. ಸುರಂಗದಿಂದ ಹೊರಬಂದ ಮೇಲೆ ಸೀಟನ್ನು ಮೇಲೆತ್ತುವುದೂ ಅಷ್ಟೇ ನಿಧಾನ.

ಗಾಳಿಗೆ 12 ವೋಲ್ಟಿನ ಬ್ಲೋವರ್ ಫ್ಯಾನ್ ಎರಡು, ಬಾನೆಟ್ಟಿನೊಳಗೆ, ಮುಖಕ್ಕೆ ತಿರುಗಿಸಿದ 75 ಮಿ.ಮೀ. ಪಿವಿಸಿ ಬಾಯಿಯೊಂದಿಗೆ. ಫ್ಯಾನನ್ನು ಸುರಂಗದ ಗೋಡೆಗೆ ಹಾಕಬೇಡಿ. ಗಾಡಿ ದಾಟಿ ಹೋದ ಕೂಡಲೇ ಗಾಳಿ ನಿಂತು 'ಈಗ ಒಂದು ಫ್ಯಾನ್ ದಾಟಿದೆ' ಎಂಬುದು ಸ್ಪಷ್ಟವಾಗುತ್ತದೆ. ಬ್ಲೋವರ್ ಪೂರ್ತಿ ವೇಗಕ್ಕೆ ಬರಲು ಒಂದು, ಒಂದೂವರೆ ಸೆಕೆಂಡು ಬೇಕು. ಸವಾರಿಯುದ್ದಕ್ಕೂ 30 ಶೇಕಡಾದಲ್ಲಿ ತಿರುಗುತ್ತಿರಲಿ, ಇಲ್ಲದಿದ್ದರೆ ಸುರಂಗಕ್ಕೆ ಮೊದಲೇ ಮೋಟಾರಿನ ಗುಂಯ್ ಸದ್ದು ಗುಟ್ಟು ಬಿಟ್ಟುಕೊಡುತ್ತದೆ.

ನಡುಕಕ್ಕೆ ಸೀಟಿನ ಕೆಳಗೆ ಒಂದು 50 ವಾಟ್ ಬಾಸ್ ಶೇಕರ್ (ಶಬ್ದದ ಬದಲು ನಡುಕ ಕೊಡುವ ಸ್ಪೀಕರಿನಂಥ ಸಾಧನ). 25 ಹರ್ಟ್ಸ್‌ನಿಂದ ಶುರುವಾಗಿ ಪಟ್ಟೆಯ ವೇಗದೊಂದಿಗೆ 50ಕ್ಕೆ ಏರಲಿ. ಸೀಟಿಗೂ ಚಾಸಿಗೂ ನಡುವೆ ರಬ್ಬರ್ ಬುಷ್ ಇಲ್ಲದಿದ್ದರೆ ಇಡೀ ಗಾಡಿ ನಡುಕವನ್ನು ನುಂಗುತ್ತದೆ. ಶೇಕರ್ ನಡೆಸುವ ಟಿಪಿಎ3116 ಆಂಪ್ಲಿಫೈಯರ್ ಬೋರ್ಡನ್ನು ಗಾಡಿಯ 24 ವೋಲ್ಟ್ ಬ್ಯಾಟರಿಗೆ ನೇರ ಕೊಟ್ಟು ಸುಡುವವರು ಬಹಳ. ಆ ಚಿಪ್ಪಿನ ಮಿತಿ 26 ವೋಲ್ಟ್. ಎರಡು 12 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿ ಚಾರ್ಜಿಗೆ ಹಾಕಿದಾಗ 28 ದಾಟುತ್ತದೆ. ನಡುವೆ ಬಕ್ ಕನ್ವರ್ಟರ್ ಹಾಕಿ 18ಕ್ಕೆ ಇಳಿಸಿ. ಶೇಕರ್ ಬೇಡವೆಂದರೆ ಚಕ್ರದ ದಾರಿಗೆ 3 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪಟ್ಟಿ ಅಡ್ಡಡ್ಡ ಬಡಿಯಬಹುದು, 70 ಮಿ.ಮೀ.ಗೆ ಒಂದಿದ್ದರೆ 10 ಹರ್ಟ್ಸ್, 28ಕ್ಕೆ ಒಂದಿದ್ದರೆ 25. ವೈರು ಬೇಡ, ಕೆಡುವುದೂ ಇಲ್ಲ. ನೂರಾರು ಸ್ಕ್ರೂ ತಿರುಗಿಸುವ ತಾಳ್ಮೆ ಬೇಕು.

ಜೋಡಿಸಿ ಓಡಿಸುವುದು

ಸುರಂಗಕ್ಕೂ ಗಾಡಿಗೂ ರೇಡಿಯೋ ಸಂಪರ್ಕ ಬೇಡ. ಸುರಂಗದ ಬೋರ್ಡಿಗೆ ಬಾಯಲ್ಲೊಂದು ಇನ್‌ಫ್ರಾರೆಡ್ ಬೀಮ್ ಸೆನ್ಸರ್, ಗಾಡಿ ಆ ಕಿರಣವನ್ನು ಕಡಿದೊಡನೆ ಬೆಳಕು ಶುರು. ಗಾಡಿಗೆ ತನ್ನದೇ ಹಾಲ್ ಸೆನ್ಸರ್ ಎ3144, ನೆಲದಲ್ಲಿ ಹೂತ ಆಯಸ್ಕಾಂತ ಓದುತ್ತದೆ. ಬಾಯಿಗೆ 0.6 ಮೀಟರ್ ಮುಂಚಿನ ಆಯಸ್ಕಾಂತ ಗಾಳಿ ಮತ್ತು ಸೀಟಿಗೆ. 0.4 ಮೀಟರ್ ವೇಗದಲ್ಲಿ ಅದು ಸರಿಯಾಗಿ ಒಂದೂವರೆ ಸೆಕೆಂಡು ಮುಂಚೆ. ಬಾಯಲ್ಲಿರುವ ಎರಡನೆಯದು ದೂಡಿಗೆ. ಎ3144 ಆಯಸ್ಕಾಂತದ ಒಂದೇ ಧ್ರುವಕ್ಕೆ ಓಗೊಡುತ್ತದೆ, ತಿರುಗಿಸಿ ಹೂತರೆ ಸುಮ್ಮನಿರುತ್ತದೆ. ಎಪಾಕ್ಸಿ ಹಾಕುವ ಮುಂಚೆ ಸೆನ್ಸರ್ ಹಿಡಿದು ನೋಡಿ.

ಬೆಳಕು ಮೂರು ಸೆಕೆಂಡಿನಲ್ಲಿ ಸೊನ್ನೆಯಿಂದ 8 ಮೀಟರಿಗೆ ಏರಿ, ನಾಲ್ಕು ಸೆಕೆಂಡು ಅದೇ ವೇಗದಲ್ಲಿ ಓಡಿ, ಉಳಿದ ಒಂದೂವರೆ ಸೆಕೆಂಡಿನಲ್ಲಿ ಒಂದು ಮೀಟರಿಗೆ ಇಳಿಯಲಿ. ಶಬ್ದಕ್ಕೆ ಗಾಳಿಯ ಸುಯ್ಲು ಸಾಕು, ಆದರೆ ಪಟ್ಟೆ ಹಾಯುವ ಲಯಕ್ಕೇ ಅದರ ಜೋರು ಏರಿಳಿಯಬೇಕು. ದೂರದ ಕೊನೆಯ 60 ಎಲ್‌ಇಡಿ ಮಂದವಾಗುತ್ತಾ ಆರಿಹೋಗಲಿ. ಇಲ್ಲದಿದ್ದರೆ ಗೆರೆಗಳು ಮುಗಿಯುವ ಜಾಗ ನಿಧಾನವಾಗಿ ಹತ್ತಿರ ಬರುವುದು ಕಾಣುತ್ತದೆ.

ದೂಡು ಮತ್ತು ಬೆಳಕಿನ ನಡುವಿನ ಹೊಂದಾಣಿಕೆಯೇ ಕೊನೆಗೆ ಹೆಚ್ಚು ಹೊತ್ತು ತಿನ್ನುವುದು. ಬೆಳಕು ದೂಡಿಗಿಂತ ಮೊದಲು ಓಡಿದರೆ ಗೋಡೆ ಓಡಿದಂತೆ, ದೂಡಿನ ಜೊತೆಗೇ ಓಡಿದರೆ ತಾನು ಓಡಿದಂತೆ. ಮೊಬೈಲಿನ ಸ್ಲೋಮೋಷನ್ನಿನಲ್ಲಿ ಗಾಡಿಯ ಚಕ್ರವನ್ನೂ ಮೊದಲ ಪಟ್ಟೆಯನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದು, ಬೀಮ್ ಸೆನ್ಸರನ್ನು ಐದೈದು ಸೆಂಟಿಮೀಟರ್ ಸರಿಸುತ್ತಾ ಹೊಂದಿಸಿ.

ಪರೀಕ್ಷೆಯ ನಡುವೆ ಬೆಳಕನ್ನು ಒಮ್ಮೆಲೇ ನಿಲ್ಲಿಸಿದರೆ ಕೂತವರು 'ಗಾಡಿ ಹಿಂದಕ್ಕೆ ಹೋಯಿತು' ಎನ್ನುತ್ತಾರೆ. ಮೋಟಾರು ನೋಡಲು ಹೋಗಬೇಡಿ. ಜಲಪಾತವನ್ನೇ ದಿಟ್ಟಿಸಿ ಪಕ್ಕದ ಬಂಡೆ ನೋಡಿದಾಗ ಬಂಡೆ ಮೇಲೇರಿದಂತೆ ಕಾಣುತ್ತದಲ್ಲ, ಅದೇ ಚಲನೆಯ ನೆರಳು ಇದು. ಬೆಳಕನ್ನು ಇಳಿಸುವ ಒಂದೂವರೆ ಸೆಕೆಂಡನ್ನು ಎರಡಕ್ಕೆ ಏರಿಸಿ, ಒಂದೇ ವೇಗದಲ್ಲಿ ಓಡುವ ನಾಲ್ಕನ್ನು ಮೂರೂವರೆ ಮಾಡಿ.